ಬೂಟಿನೊಳಗಿನ ಮೊಳೆ

ಹಣ್ಣಿನ ಸುಗ್ಗಿ. ಪೆಟ್ಟಿಗೆ ಮಾಡುವವರ ಅಂಗಳದಲ್ಲಿ ಬೆಳಗಿನಿಂದ ಗರಗಸ ನಿಂತಿರಲಿಲ್ಲ. ಹಲಗೆ ಕೊಯ್ಯುವುದು ಅಣ್ಣ, ಮೊಳೆ ಹೊಡೆಯುವುದು ತಮ್ಮ; ಇಪ್ಪತ್ತೆರಡು ವರ್ಷಗಳಿಂದ ಹೀಗೇ. ಮಧ್ಯಾಹ್ನ ಇಬ್ಬರೂ ಬೂಟು ಕಳಚಿ, ಮರದ ಹೊಟ್ಟು ಕೊಡವಿ, ಉಂಡು, ಮತ್ತೆ ಹಾಕಿಕೊಳ್ಳುವುದು ವಾಡಿಕೆ.

ಆ ಸಂಜೆ ಅಣ್ಣ ಬಲಗಾಲಿನ ಬೂಟು ಕಳಚಿದಾಗ ಕಾಲುಚೀಲ ರಕ್ತದಲ್ಲಿ ತೊಯ್ದಿತ್ತು. ಬೂಟಿನ ಅಟ್ಟೆಯಿಂದ ಒಳಕ್ಕೆ ಮೊಳೆಯೊಂದು ಮೊನೆ ಚಾಚಿತ್ತು. ಪೆಟ್ಟಿಗೆ ಮೊಳೆ.

"ಊಟದ ಹೊತ್ತಲ್ಲಿ ಬೂಟಿನ ಹತ್ರ ಕೂತಿದ್ದವನು ನೀನೊಬ್ನೇ," ಅಣ್ಣ ಕೂಗಿದ. "ನನ್ನ ಅಳತೆ ತಪ್ತಿದೆ ಅಂತ ಹೋದ ವಾರ ಜಗಳ ತೆಗೆದೆ. ಈಗ ಕಾಲಿಗೇ ಮೊಳೆ ಹೊಡೆದ್ಯಾ? ಎತ್ತಿ ಆಡಿಸಿದ ಕೈನೇ ಕಚ್ಚಿದೆಯಲ್ಲೋ!"

ಕೂಲಿಯವರೆಲ್ಲ ಕೇಳಿಸಿಕೊಂಡರು. ತಮ್ಮ ಕೈಲಿದ್ದ ಸುತ್ತಿಗೆ ಕೆಳಗಿಟ್ಟ. ಸುತ್ತಿಗೆ ಹಿಡಿಯಲು ಕಲಿಸಿದವನೇ ಈ ಅಣ್ಣ.

ಅತ್ತಿಗೆ ಓಡಿಹೋಗಿ ಎದುರುಮನೆಯ ನರ್ಸಮ್ಮನನ್ನು ಕರೆತಂದಳು. ಆಕೆ ಕೆಲಸದಿಂದ ನಿವೃತ್ತರಾದರೂ ಬೀದಿಯಲ್ಲಿ ಏನೇ ಕಳೆದರೂ, ಯಾರ ಮೇಲೇ ಗುಮಾನಿ ಬಂದರೂ ಜನ ತಟ್ಟುತ್ತಿದ್ದುದು ಆಕೆಯ ಬಾಗಿಲನ್ನೇ. ನರ್ಸಮ್ಮ ಗಾಯ ತೊಳೆದರು. ಅಣ್ಣ ಮುಖ ಕೂಡ ಕಿವುಚಲಿಲ್ಲ. ಆಕೆ ಬೂಟನ್ನು ದೀಪಕ್ಕೆ ಹಿಡಿದು ತಿರುವಿ ನೋಡಿದರು. ಅತ್ತಿಗೆಯ ಹತ್ತಿರ ಏನೋ ಕೇಳಿದರು. ಆಮೇಲೆ ಎಲ್ಲರನ್ನೂ ಕೂರಿಸಿದರು.

"ಯಜಮಾನ್ರೇ, ಉಂಡು ಬೂಟು ಹಾಕ್ಕೊಂಡಾಗ ಚುಚ್ತಾ?"

"ಇಲ್ಲ."

"ಮತ್ತೆ ಯಾವಾಗ ಅಯ್ಯೋ ಅಂದ್ರಿ?"

ಅಣ್ಣ ಕಾಲು ತಿರುಗಿಸಿ ಗಾಯವನ್ನು ನೋಡಿಕೊಂಡ.

"ನಿಮ್ಮ ತಮ್ಮ ಸುತ್ತಿಗೇಲಿ ಹೊಡೆದಿದ್ರೆ ಮೊಳೆ ನೆಟ್ಟಗೆ ಇಳಿದಿರ್ತಿತ್ತು, ಇದು ಓರೆಯಾಗಿ ಹೊಕ್ಕಿದೆ. ಮೊಳೆ ತಲೆ ನೋಡಿ, ಹೊರಗಡೆ ಇದೆ. ನೆಲಕ್ಕೆ ಉಜ್ಜಿ ಉಜ್ಜಿ ಹೊಳೀತಿದೆ. ಅಂಗಳದಲ್ಲಿ ಬಿದ್ದಿದ್ದನ್ನ ನೀವೇ ತುಳಿದು ಗಂಟೆಗಟ್ಟಲೆ ಓಡಾಡಿದ್ದೀರಿ. ಕಾಲಿಗೆ ಗೊತ್ತೇ ಆಗಿಲ್ಲ."

"ಕಾಲು ಜೋಮು ಹಿಡಿಯತ್ತೆ. ದಿನವೆಲ್ಲ ನಿಂತು ಮಾಡೋ ಕೆಲಸ ಅಲ್ವಾ?"

"ಅದೊಂದೇ ಆಗಿದ್ರೆ ಸರಿ. ಮೂರು ತಿಂಗಳಲ್ಲಿ ಎರಡು ಸಲ ಕನ್ನಡಕ ಬದಲಾಯ್ಸಿದ್ರಂತೆ. ಒಂದಿನ ಕಣ್ಣು ಸರಿ, ಒಂದಿನ ಮಬ್ಬು. ಅಳತೆ ತಪ್ಪಿದ್ದು ಅದಕ್ಕೇ. ತಮ್ಮ ಹೇಳಿದ್ದು ನಿಜ. ಬಲಗೈ ಭುಜಕ್ಕಿಂತ ಮೇಲೇಳಲ್ಲ. ಕತ್ತಿನ ಹಿಂದೆ ಈ ಕಪ್ಪು, ದಪ್ಪ ಚರ್ಮ, ಮಖಮಲ್ಲಿನ ಹಾಗೆ..."

"ಕೊಳೆ ಅಂತ ದಿನಾ ಸೋಪು ಹಾಕಿ ಉಜ್ತಿದ್ದೆ," ಎಂದಳು ಅತ್ತಿಗೆ. "ಚರ್ಮ ಕೆಂಪಗಾಯ್ತೇ ಹೊರತು ಅದು ಹೋಗ್ಲಿಲ್ಲ."

"ಒಂದೊಂದಕ್ಕೂ ಬೇರೆ ಕಾರಣ ಇರ್ಬಹುದು. ಎಲ್ಲಾ ಒಬ್ಬರ ಮೈಮೇಲೇ ಸೇರಿದ್ರೆ, ನನಗೆ ಅನುಮಾನ ಒಬ್ಬನ ಮೇಲೇ."

ನರ್ಸಮ್ಮ ಅಣ್ಣನ ಬೆರಳು ಚುಚ್ಚಿ ರಕ್ತದ ಹನಿಯನ್ನು ಪುಟ್ಟ ಯಂತ್ರಕ್ಕೆ ತಾಗಿಸಿದರು. ಮುನ್ನೂರ ಎಂಬತ್ತು.

"ಸಕ್ಕರೆ ಕಾಯಿಲೆ. ಈಗಲೇ ಆಸ್ಪತ್ರೆಗೆ ಹೊರಡಿ. ಈ ಗಾಯಾನ ನಾಳೆಗೆ ಬಿಟ್ರೆ ಕಾಲಿಗೇ ಕುತ್ತು."

ಅಣ್ಣ ಕೈ ಚಾಚಿದ. "ತಪ್ಪಾಯ್ತು ಕಣೋ."

ತಮ್ಮ ಆ ಕೈಯನ್ನು ಹೆಗಲಿಗೆ ಹಾಕಿಕೊಂಡು ಎಬ್ಬಿಸಿದ. ಗಾಡಿ ಹತ್ತಿಸಿ, ಕಾಲ ಕೆಳಗೆ ದಿಂಬಿಟ್ಟ.

"ನೀನು ವಾಸಿಯಾಗೋವರೆಗೆ ಹಲಗೆನೂ ನಾನೇ ಕೊಯ್ತೀನಿ. ಆಮೇಲೆ ನನ್ನ ದಾರಿ ನನಗೆ."

"ಒಂದು ಮಾತಿಗೆ ಇಷ್ಟಾ? ತಪ್ಪಾಯ್ತು ಅಂದ್ನಲ್ಲೋ."

"ಯಾರು ಮಾಡಿದ್ರು ಅಂತ ಯೋಚಿಸೋಕೆ ಒಂದು ಗಳಿಗೆನೂ ಹಿಡೀಲಿಲ್ಲ ನಿನಗೆ," ಎಂದ ತಮ್ಮ. "ಬೇರೆ ಯಾರೂ ಹೊಳೀಲೇ ಇಲ್ವಲ್ಲ, ಅಣ್ಣ."