ಇರುವೆ ತಂದ ಬಂಗಾರ

೧೯೯೯ರ ಜನವರಿ ೫, ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಬಸವನ ಬಾಗೇವಾಡಿ ಠಾಣೆಗೆ ಯರಿಹಟ್ಟಿಯಿಂದ ಇಬ್ಬರು ಬಂದರು. ಒಬ್ಬಾಕೆ ಸಿದ್ದಲಿಂಗವ್ವ, ಅರವತ್ತರ ಹತ್ತಿರದ ವಿಧವೆ. ಜೊತೆಗೆ ಆಕೆಯ ತಮ್ಮ ಶ್ರೀಶೈಲಪ್ಪ, ಊರಲ್ಲಿ ಜನ ಎದ್ದು ನಿಂತು ಮಾತಾಡಿಸುವ ಜಮೀನುದಾರ. ಕಳುವಾದದ್ದು ಅಕ್ಕನ ಬೋರಮಾಳ, ಬಂಗಾರದ ಗುಂಡಿನ ಸರ. ಮಾತೆಲ್ಲ ತಮ್ಮನದು.

ಪಿಎಸ್‌ಐ ಚಂದಪ್ಪ ಬಿರಾದಾರನಿಗೆ ಒಳಗೊಳಗೇ ನಗು ಬಂತು. ವಾರದಿಂದ ಯರಿಹಟ್ಟಿಯಲ್ಲಿ ಬಂಗಾರ ಸಿಕ್ಕಿತೆಂಬ ಸುದ್ದಿಯೇ ಸುದ್ದಿ. ಬಂಗಾರ ಕಳೆಯಿತೆಂದು ಬಂದವರು ಇವರೇ ಮೊದಲಿಗರು. ಅದೂ ಯಾರು, ಬಂಗಾರ ಸಿಕ್ಕ ಹೊಲದ ಒಡೆಯರೇ!

ಶ್ರೀಶೈಲಪ್ಪನ ಹೊಲದಲ್ಲಿ ಇರುವೆಗಳು ನೆಲದೊಳಗಿಂದ ಬಂಗಾರದ ಪುಡಿ ಹೊತ್ತು ತಂದು ಗೂಡಿನ ಬಾಯಲ್ಲಿ ಸುರಿಯುತ್ತಿವೆ ಎಂದು ಮೊದಲು ಒಬ್ಬ ಕುರಿ ಕಾಯುವವನು ಕಂಡು ಹೇಳಿದ. ಮರುದಿನ ಪತ್ರಿಕೆಯಲ್ಲಿ ಬಂತು. ಕೋಲಾರ ಇದರ ಮುಂದೆ ಏನೂ ಅಲ್ಲವೆಂದು ಚಹಾದಂಗಡಿಗಳು ತೀರ್ಪು ಕೊಟ್ಟವು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದ ಜನ ಟೆಂಪೋ ಮಾಡಿಕೊಂಡು ಜರಡಿ ಸಮೇತ ಬಂದಿಳಿದರು. ಆ ಹೊಲದಲ್ಲಿ ಹಾಯಬೇಕಿದ್ದ ಕಾಲುವೆಯ ಕೆಲಸವನ್ನು, ಭೂವಿಜ್ಞಾನಿಗಳು ಬಂದು ನೋಡುವವರೆಗೆ ನಿಲ್ಲಿಸಿ ಎಂದು ಮೇಲಿಂದ ಹೇಳಿಕೆಯಾಯಿತು. ಹೊಲ ಕಾಯಲು ಚಂದಪ್ಪ ಇಬ್ಬರು ಪೇದೆಗಳನ್ನು ಕಳೆದುಕೊಂಡ.

"ಗೋಳಗುಮ್ಮಟ ಕಟ್ಟಿದವರು ಇಷ್ಟು ಬಂಗಾರ ಇರುವಿಗೆ ಬಿಟ್ಟು ಹೋಗ್ತಿದ್ರೇನ್ರಿ?" ಎಂದು ಹೆಡ್ ಕಾನ್‌ಸ್ಟೇಬಲ್ ಕಾಸಿಂಸಾಬ ಅಂದೇ ಅಂದಿದ್ದ. ಚಂದಪ್ಪನ ಅಭಿಪ್ರಾಯವೂ ಅದೇ. ಆದರೆ ಇರುವೆಯ ಮೇಲೆ ಕೇಸು ಹಾಕಲು ಬರುವುದಿಲ್ಲವಲ್ಲ.

"ಬೋರಮಾಳ ಯಾವಾಗ ನೋಡಿದ್ರೆವ್ವಾ?"

"ದೀಪಾವಳಿಗೆ ನೋಡಿದ್ದೆರಿ. ನಿನ್ನೆ ಟ್ರಂಕ್ ತೆಗದ್ರ ಇಲ್ಲ. ತಮ್ಮನ ಮಗಳು ಐಶ್ವರ್ಯಾಗಂತ ಇಟ್ಟಿದ್ದೆ. ನಮ್ಮವ್ವ ಕೊಟ್ಟದ್ದರಿ ಅದು."

"ಯಾರ ಮ್ಯಾಲರ ಸಂಶಯ?"

ಆಕೆ ತಮ್ಮನ ಮುಖ ನೋಡಿದಳು.

"ಧರೆಪ್ಪ," ಎಂದ ಶ್ರೀಶೈಲಪ್ಪ. "ನಮ್ಮ ಹೊಲದಾಗ ದುಡಿಯಾಂವ. ದಿನಾ ಮನಿಗೆ ಬಂದು ಹೋಗಾಂವ ಅವನೊಬ್ಬನ."

"ನಾ ಮಾತ್ರ ಯಾರ ಹೆಸರೂ ಹೇಳಿಲ್ರಿ," ಎಂದಳು ಸಿದ್ದಲಿಂಗವ್ವ.

ವಾಸದ ಮನೆಯಲ್ಲಿ ಕಳವು, ಐಪಿಸಿ ೩೮೦ರ ಅಡಿ ಎಫ್‌ಐಆರ್ ಆಯಿತು. ಸಂಶಯಿತನ ಜಾಗದಲ್ಲಿ ಧರೆಪ್ಪನ ಹೆಸರು ಬಿತ್ತು. ಅಕ್ಕ ತಮ್ಮ ಹೋದ ಮೇಲೆ ಕಾಸಿಂಸಾಬ ಇನ್ನೊಂದು ವಿಷಯ ತೆಗೆದ. ಧರೆಪ್ಪನಿಗೆ ಇಂಗಳೇಶ್ವರದ ಹಾಸ್ಟೆಲಿನಲ್ಲಿ ಅಡುಗೆ ಸಹಾಯಕನ ಕೆಲಸ ಸಿಕ್ಕಿತ್ತು. ನಡತೆ ಪರಿಶೀಲನೆಗೆ ಕಾಗದ ಠಾಣೆಗೆ ಬಂದು ಮೇಜಿನ ಮೇಲೆಯೇ ಇತ್ತು.

"ಕಳವಿನ ಕೇಸ್ ಐತಂತ ಬರದ್ರ ಮುಗೀತ್ರಿ. ಅವನ ಮನಿತನದಾಗ ಸರ್ಕಾರಿ ಪಗಾರ ಯಾರೂ ಕಂಡಿಲ್ಲ. ಅವನ ಹೇಂತಿ ಸಾವಂತ್ರವ್ವ ಊರಿಗೆಲ್ಲ ಸಕ್ರಿ ಹಂಚ್ಯಾಳ."

"ಸದ್ಯ ಏನೂ ಬರೀಬ್ಯಾಡ," ಎಂದ ಚಂದಪ್ಪ.

ಮಧ್ಯಾಹ್ನ ಸ್ಥಳ ಪಂಚನಾಮೆಗೆ ಇಬ್ಬರು ಪಂಚರನ್ನು ಕರೆದುಕೊಂಡು ಯರಿಹಟ್ಟಿಗೆ ಹೋದರು. ಟ್ರಂಕು ದೇವರ ಕೋಣೆಯಲ್ಲಿತ್ತು. ಬೀಗ ಮುರಿದಿರಲಿಲ್ಲ. ಬೀಗದ ಕೈ ಅದೇ ಕೋಣೆಯ ದೇವರ ಜಗಲಿಯ ಹಿಂದಿನ ಮೊಳೆಯಲ್ಲಿ, ವರ್ಷಗಳಿಂದ ಇದ್ದಲ್ಲಿಯೇ ತೂಗುತ್ತಿತ್ತು. ಗೋಡೆಗೆ ಕನ್ನವಿಲ್ಲ, ಹೆಂಚು ಸರಿದಿಲ್ಲ.

"ಧರೆಪ್ಪ ಈ ಕೋಣಿಗೆ ಬರ್ತಿದ್ನೇನವ್ವಾ?"

ಸಿದ್ದಲಿಂಗವ್ವ ಗಾಬರಿಯಾದಳು. "ಶಿವಶಿವಾ, ದೇವರ ಕೋಣಿಗೆ? ಅಂವ ಹೊರಗಿನ ಕಟ್ಟಿ ಮ್ಯಾಲೆ ಕೂಡ್ತಾನ್ರಿ. ಅವನ ಚಾದ ಕಪ್ಪು ಸುದ್ದಾ ದನದ ಮನಿ ಗ್ವಾಡಿ ಮಾಡದಾಗ ಬ್ಯಾರೆ ಐತಿ. ಅವನೂ ಈ ಹೊಸ್ತಲಾ ದಾಟಿಲ್ಲ, ಅವರಪ್ಪನೂ ದಾಟಿಲ್ಲ."

ಮಾತಿನಲ್ಲಿ ನಾಚಿಕೆಯೂ ಇರಲಿಲ್ಲ, ಜಂಬವೂ ಇರಲಿಲ್ಲ. ಹೊತ್ತು ಮುಳುಗುವ ದಿಕ್ಕು ಯಾವುದೆಂದು ಹೇಳಿದಂತೆ ಹೇಳಿದಳು. ಚಂದಪ್ಪನಿಗೆ ಸಿಟ್ಟು ಬಂತು. ಆದರೂ ಆಕೆಯ ಮಾತನ್ನು ಒಂದಕ್ಷರ ಬಿಡದೆ ಬರೆಸಿಕೊಂಡ. ತಲೆಮಾರುಗಳಿಂದ ಧರೆಪ್ಪನನ್ನು ಹೊರಗಿಟ್ಟ ಹೊಸ್ತಿಲು ಇವತ್ತು ಅವನ ಪರ ಸಾಕ್ಷಿ ನುಡಿದಿತ್ತು. ಶ್ರೀಶೈಲಪ್ಪ ಕಳ್ಳನನ್ನು ಆರಿಸುವಾಗ ತನ್ನ ಮನೆಯ ಕಟ್ಟಳೆಯನ್ನೇ ಮರೆತಿದ್ದ. ದಿನಾ ಪಾಲಿಸುವ ಕಟ್ಟಳೆ ಯಾರಿಗೆ ತಾನೇ ನೆನಪಿರುತ್ತದೆ?

ಹಾಗಾದರೆ ಕೀಲಿಯ ತನಕ ಕೈ ಚಾಚಬಲ್ಲವರು ಮೂವರೇ: ಅಕ್ಕ, ತಮ್ಮ, ಆರು ವರ್ಷದ ಮಗಳು. "ಬಂದದ್ದು ಬಂದೇವಿ, ಬಂಗಾರಾನೂ ನೋಡಿ ಹೋಗೂಣು," ಎಂದು ಚಂದಪ್ಪ ಹೊಲದ ಕಡೆ ಜೀಪು ತಿರುಗಿಸಿದ.

ಹೊಲದಲ್ಲಿ ಕಾಲುವೆ ಸರ್ವೆಯವರು ನೆಟ್ಟ ಕೆಂಪು ಗೂಟಗಳು ಸಾಲಾಗಿ ನಿಂತಿದ್ದವು. ಬಂಗಾರ ಸಿಕ್ಕದ್ದೆಲ್ಲ ಆ ಸಾಲಿನ ಅಕ್ಕಪಕ್ಕದ ಗೂಡುಗಳಲ್ಲೇ. ಇಪ್ಪತ್ತೆಕರೆಯ ಉಳಿದ ಇರುವೆಗಳಿಗೆ ಆ ಭಾಗ್ಯವಿರಲಿಲ್ಲ. ಚಂದಪ್ಪ ಒಂದು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಗೂಡಿನ ಬಾಯಲ್ಲಿ ಹಳದಿ ಪುಡಿ ನಿಜಕ್ಕೂ ಮಿನುಗುತ್ತಿತ್ತು. ಅದರ ಜೊತೆ ಒಣಗಿ ಕಲ್ಲಾದ ಸಜ್ಜಿ ಕಡುಬಿನ ಚೂರುಗಳಿದ್ದವು.

ಸಿಂದಗಿ ಸೀಮೆಯ ಒಕ್ಕಲು ಮನೆಯಲ್ಲಿ ಹುಟ್ಟಿದವನಿಗೆ ಅದೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಅದು ಚರಗ. ಎಳ್ಳ ಅಮಾವಾಸ್ಯೆಯ ದಿನ ಈ ಕಡೆಯ ಒಕ್ಕಲಿಗರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬಸುರಿಯಾದ ಭೂಮಿತಾಯಿಗೆ ಬಯಕೆಯ ಊಟವೆಂದು ಕಡುಬು, ಹೋಳಿಗೆ, ಪಲ್ಯ ಎಲ್ಲ ಕಲಸಿ ಬೆಳೆಯೊಳಗೆ ಚೆಲ್ಲುತ್ತಾರೆ. ಆಮೇಲೆ ಅದನ್ನು ಹೊತ್ತುಕೊಂಡು ಹೋಗುವವು ಇರುವೆಗಳೇ. ಇರುವೆ ನೆಲದೊಳಗಿನದನ್ನು ಮೇಲೆ ತಂದಿದೆ ಎಂದು ಜನ ಅಂದುಕೊಂಡಿದ್ದರು. ಅದು ಮೇಲಿನದನ್ನು ಒಳಗೆ ಒಯ್ಯಲು ನೋಡಿ, ತಿನ್ನಲು ಬಾರದ್ದನ್ನು ಬಾಗಿಲಲ್ಲೇ ಬಿಟ್ಟಿತ್ತು.

"ಸಾಹೇಬ್ರ, ಇದೇನು ಕೆಂಪಗೈತಿ?" ಎಂದು ಕಾಸಿಂಸಾಬ ಪುಡಿಯಲ್ಲಿದ್ದ ಒಂದು ಹರಳನ್ನು ಅಂಗೈಗೆ ತೆಗೆದುಕೊಂಡ. ಚಂದಪ್ಪ ಅದಕ್ಕೆ ಬೆಂಕಿಕಡ್ಡಿ ಹಿಡಿದ. ಕರಗಿತು, ಅರಗಿನ ವಾಸನೆ ಬಂತು. ಬೋರಮಾಳದ ಗುಂಡುಗಳು ಒಳಗೆ ಪೊಳ್ಳು. ನೆಗ್ಗಬಾರದೆಂದು ಅಕ್ಕಸಾಲಿಗರು ಅದರೊಳಗೆ ಅರಗು ತುಂಬಿರುತ್ತಾರೆ.

"ಗಣಿಯೊಳಗ ಅರಗು ಬೆಳೀತೈತೇನು ಕಾಸಿಂ?"

"ಯರಿಹಟ್ಟಿಯೊಳಗ ಏನಾದ್ರೂ ಬೆಳೀತೈತ್ರಿ."

ಪುಡಿಯನ್ನು ಪಂಚರ ಮುಂದೆ ಪೊಟ್ಟಣ ಕಟ್ಟಿ ಸೀಲು ಮಾಡಿದರು. ಊರ ಜನರಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ನಂಬುವವರೂ ಇರಲಿಲ್ಲ.

ಜನವರಿ ೬ರಂದು ಧರೆಪ್ಪನನ್ನು ಠಾಣೆಗೆ ಕರೆಸಿದರು. ಒಗೆದ ಅಂಗಿ ಹಾಕಿಕೊಂಡು ಬಂದಿದ್ದ. ಊರಲ್ಲಿ ಆಗಲೇ ಹುಡುಗರು ಅವನನ್ನು 'ಬೋರಮಾಳ' ಎಂದು ಕೂಗಲು ಶುರುಮಾಡಿದ್ದರು.

"ಈ ಸಲ ಚರಗ ಯಾರು ಚೆಲ್ಲಿದ್ರು?"

"ಧಣ್ಯಾರ ರೀ."

"ಕಲಸಿದವರು?"

"ವರ್ಷಾ ಸಿದ್ದಲಿಂಗವ್ವಾರು ಕಲಸ್ತಾರ್ರಿ. ಈ ಸಲ ಧಣ್ಯಾರು ಬುಟ್ಟಿ ಕಸಗೊಂಡು ತಾವ ಕಲಸಿದ್ರು."

"ಎಲ್ಲೆಲ್ಲಿ ಚೆಲ್ಲಿದ್ರು?"

"ಕೆಂಪು ಗೂಟದ ಸಾಲಿಗಷ್ಟರಿ. ಉಳದ ಭೂಮಿ ಉಪವಾಸೇನ್ರಿ ಅಂತ ಕೇಳಿದೆ. ಸುಮ್ನಿರಲೇ ಅಂದ್ರು."

"ಇದನ್ನ ಯಾರ ಮುಂದರ ಹೇಳೀದೇನು?"

"ನನ್ನ ಯಾರು ಕೇಳ್ತಾರ್ರಿ?" ಎಂದ ಧರೆಪ್ಪ. ಮೇಜಿನ ಕಡೆ ನೋಡಿ, "ಸಾಹೇಬ್ರ, ಹಾಸ್ಟೆಲ್ ಕಾಗದಾ ಏನಾತ್ರಿ?" ಎಂದು ಕೇಳಿದ.

"ನೋಡೂಣು, ನಡಿ," ಎಂದ ಚಂದಪ್ಪ. ಅದಕ್ಕಿಂತ ಹೆಚ್ಚು ಹೇಳಲು ಆ ಹೊತ್ತಿಗೆ ಅವನಿಗೆ ಅಧಿಕಾರವಿರಲಿಲ್ಲ. ಹೇಳಬೇಕೆನಿಸಿದ್ದು ಮಾತ್ರ ನಿಜ.

ಬಾಗೇವಾಡಿಯ ಸರಾಫ ಬಾಬುಲಾಲ ಪುಡಿಯನ್ನು ಪರೀಕ್ಷಿಸಿ, ಇದು ತಾಮ್ರ ಬೆರೆಸಿದ ಹಳೆಯ ಒಡವೆಯ ಬಂಗಾರ ಎಂದು ಬರೆದುಕೊಟ್ಟ. ಜನವರಿ ೭ರ ಬೆಳಿಗ್ಗೆ ಶ್ರೀಶೈಲಪ್ಪನ ಮನೆಯನ್ನು ಶೋಧಿಸಿದರು. ದನದ ಕೊಟ್ಟಿಗೆಯಲ್ಲಿ, ಕುಂಟೆ ಕುಡಗಳ ನಡುವೆ, ಚಿಂದಿಯಲ್ಲಿ ಸುತ್ತಿದ ಅರ ಸಿಕ್ಕಿತು. ಕುಡದ ಅಲಗು ಮಸೆಯುವ ಅರ. ಅದರ ಹಲ್ಲುಗಳಲ್ಲಿ ಹಳದಿ ಪುಡಿಯೂ ಅರಗೂ ಕಚ್ಚಿಕೊಂಡಿದ್ದವು. ಅಂಗಳದಲ್ಲಿ ನಿಂತು ಪಂಚರೊಡನೆ ಜೋರಾಗಿ ಮಾತಾಡುತ್ತಿದ್ದ ಶ್ರೀಶೈಲಪ್ಪ ಅದನ್ನು ಕಂಡದ್ದೇ ಮಾತು ನಿಲ್ಲಿಸಿ, ದನಕ್ಕೆ ಮೇವು ಹಾಕುವ ಗ್ವಾದಲಿಯ ಮೇಲೆ ಬಂದು ಕೂತ.

"ಅಕ್ಕನ ಬೋರಮಾಳ ಪುಡಿ ಮಾಡಿ ಚರಗದಾಗ ಯಾಕ ಕಲಸಿದ್ರಿ?"

"ಅಲ್ಲಿ ನನ್ನ ಹೇಂತಿ ಅದಾಳ್ರಿ."

"ಎಲ್ಲಿ?"

"ಗೂಟದ ಸಾಲಿನ್ಯಾಗ."

ಹೆಂಡತಿ ನೀಲಗಂಗವ್ವ ಮಗಳು ಐಶ್ವರ್ಯಾಳನ್ನು ಹೆತ್ತು, ಮಗುವಿನ ಮುಖ ನೋಡುವ ಮೊದಲೇ ತೀರಿಕೊಂಡಿದ್ದಳು. ಹೊಲದಲ್ಲೇ ಸಮಾಧಿ ಮಾಡಿದ್ದರು. ಕಾಲುವೆಯ ಗೆರೆ ಸರಿಯಾಗಿ ಅದರ ಮೇಲೆ ಹಾಯ್ದಿತ್ತು. ಶ್ರೀಶೈಲಪ್ಪ ಅರ್ಜಿಯ ಮೇಲೆ ಅರ್ಜಿ ಕೊಟ್ಟಿದ್ದ.

"ಒಂದು ಸಮಾದಿಗಂತ ಕಾಲುವಿ ಡೊಂಕ ಮಾಡಾಕ ಬರೂದಿಲ್ಲ ಅಂದ್ರು. ತಳಗ ಬಂಗಾರಗಿಂಗಾರ ಇದ್ರ ಹೇಳ್ರಿ, ಆಗ ನೋಡೂಣು ಅಂತ ಒಬ್ಬಾಂವ ನಕ್ಕ. ಆ ನಗಿ ನನ್ನ ತಲಿಯೊಳಗ ಕುಂತಬಿಡ್ತರಿ." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಬಂಗಾರದ ಸುದ್ದಿಗೆ ಕೆಲಸ ನಿಂತಿತಲ್ರಿ. ಸಮಾದಿ ಐತಿ ಅಂದಾಗ ನಿಂದರಲಿಲ್ಲ."

"ಧರೆಪ್ಪನ ಹೆಸರು ಯಾಕ ಹೇಳಿದ್ರಿ?"

"ಅಕ್ಕ ಇಷ್ಟ ಲಗೂ ಟ್ರಂಕ್ ತಗೀತಾಳಂತ ಅಂದ್ಕೊಂಡಿರಲಿಲ್ಲ. ಠಾಣೆಕ ಹೋಗೂದ ಸೈ ಅಂತ ಹಟ ಹಿಡದ್ಲು. ಯಾರದರ ಹೆಸರು ಹೇಳಬೇಕಿತ್ತು. ಬಾಯಿಗೆ ಬಂದದ್ದು ಅವನದ."

ಮೊದಲ ಉತ್ತರ ಕೇಳಿದಾಗ ಚಂದಪ್ಪನಿಗೆ ಮರುಕ ಹುಟ್ಟಿತ್ತು. ಎರಡನೆಯದು ಕೇಳಿದ ಮೇಲೆ ಆ ಮರುಕ ಉಳಿಯಲಿಲ್ಲ. ಕಳವು, ಸುಳ್ಳು ಮಾಹಿತಿ, ಸುಳ್ಳು ಆಪಾದನೆ, ಈ ಕಲಮುಗಳನ್ನು ನಮೂದಿಸಿ ಹನ್ನೊಂದು ಗಂಟೆಗೆ ದಸ್ತಗಿರಿ ಮಾಡಿದ.

ಸಿದ್ದಲಿಂಗವ್ವ ಜೀಪಿನ ತನಕ ಹಿಂದೆ ಬಂದಳು. "ಕೇಳಿದ್ರ ಕೊಡತಿದ್ದಿಲ್ಲೇನೋ ಶ್ರೀಶೈಲಾ," ಎಂದು ಅತ್ತಳು. "ನಮ್ಮ ನೀಲಗಂಗನ ಸಲುವಾಗಿ ಅಂದಿದ್ರ ನಾನ ಕುಟ್ಟಿ ಪುಡಿ ಮಾಡಿ ಕೊಡತಿದ್ನಲ್ಲೋ."

ಮುಂದಿನ ವಾರ ಭೂವಿಜ್ಞಾನಿಗಳು ಬಂದರು. ಯರಿ ಮಣ್ಣಿನ ಕೆಳಗೆ ಕರಿಕಲ್ಲಿದೆ, ಬಂಗಾರವಿಲ್ಲ ಎಂದರು. ಜರಡಿ ತಂದವರು ಸರ್ಕಾರವೇ ಬಂಗಾರ ನುಂಗಿತೆಂದು ಬೈಯುತ್ತ ಟೆಂಪೋ ಹತ್ತಿದರು. ಧರೆಪ್ಪನ ಕಾಗದದ ಮೇಲೆ 'ಆಕ್ಷೇಪಣೆ ಇಲ್ಲ' ಎಂದು ಬರೆದು ಚಂದಪ್ಪ ತಾನೇ ಸಹಿ ಹಾಕಿ ಕಳಿಸಿದ.

ಆಮೇಲೆ ಧರೆಪ್ಪನನ್ನು ಕರೆಸಿ ಎದುರಿನ ಕುರ್ಚಿ ತೋರಿಸಿದ. "ನೋಡಪಾ, ಸುಳ್ಳ ಹೇಳಿ ನಿನ್ನ ಮ್ಯಾಲೆ ಕೇಸ್ ಹಾಕ್ಸಿದ್ರಲ್ಲ, ಅದಕ್ಕ ದೌರ್ಜನ್ಯ ತಡೆ ಕಾಯ್ದೆ ಹತ್ತತೈತಿ. ನೀ ಹೇಳಿಕಿ ಕೊಟ್ರ ತನಿಖಿ ಡಿವೈಎಸ್‌ಪಿ ಸಾಹೇಬ್ರ ಕಡೆ ಹೋಗತೈತಿ. ಊರಾಗಿನ ಹಿರ್ಯಾರು ನಿನ್ನೆಯಿಂದ ಬಂದು, ಸತ್ತ ಹೇಂತಿ ಸಲುವಾಗಿ ಮಾಡ್ಯಾನ, ಧರೆಪ್ಪ ದೊಡ್ಡ ಮನಸ್ಸು ಮಾಡ್ಲಿ ಅನ್ನಾಕತ್ತಾರ. ನಿನ್ನ ಮಾತು ಏನು?"

ಧರೆಪ್ಪ ಕುರ್ಚಿ ಎಳೆದುಕೊಂಡು ಕೂತ.

"ನೀಲಗಂಗವ್ವಾರಿಗೆ ಕುಣಿ ತೋಡಿದಾಂವ ನಾನ ರೀ. ಧಣ್ಯಾರು ಅವತ್ತ ಹ್ಯಾಂಗ ಅತ್ರಂತ ಊರಾಗ ನನಗಿಂತ ಯಾರಿಗೂ ಗೊತ್ತಿಲ್ಲ. ನಾನೂ ಅತ್ತೇನಿ. ಅವರ ದುಃಖ ಖರೇ ಐತ್ರಿ. ಆದ್ರ ಕಳ್ಳ ಅನ್ನಿಸಿಕೊಂಡಾಂವ ನಾ. ಬರಕೋರಿ ಸಾಹೇಬ್ರ, ನಾ ಹೇಳ್ತೇನಿ."