ಸ್ಟೇರಿಂಗ್ ಯಾರ ಕೈಯಲ್ಲಿ

ಹೊರಗೆ ಮೇ ತಿಂಗಳ ಬಿಸಿಲಿಗೆ ಟಾರು ಕರಗುತ್ತಿತ್ತು. ಸುಲ್ತಾನ್ ಬಜಾರಿನ ಅಂಗಡಿಯೊಳಗೆ ಸೌಂದರ್ಯಾ ಮಂಕಿ ಕ್ಯಾಪು ಹಾಕಿಕೊಂಡು ಕನ್ನಡಿ ನೋಡುತ್ತಿದ್ದಳು. ಇಂಥ ಸೆಕೆಯಲ್ಲಿ ಉಲ್ಲನ್ ಕೇಳಿದ ಗಿರಾಕಿಯನ್ನು ಕಂಡು ಅಂಗಡಿಯವನು ನಗು ನುಂಗಿಕೊಂಡು ಅಟ್ಟದಿಂದ ಗಂಟು ಇಳಿಸಿಕೊಟ್ಟಿದ್ದ.

ಸ್ಪಿತಿ ಕಣಿವೆಗೆ ಹೋಗಬೇಕೆಂಬುದು ಅವಳದೇ ಹುಚ್ಚು. ಮನಾಲಿಯಲ್ಲಿ ಬಾಡಿಗೆಗೆ ಜಿಪ್ಸಿ ಜೀಪು ಹಿಡಿದು, ರಸ್ತೆಯೇ ಇಲ್ಲದ ಕಡೆ ಕಲ್ಲು, ಹಿಮ, ತೊರೆ ದಾಟುತ್ತ ಒಂದು ವಾರ. ಅದಕ್ಕೆಂದೇ ಪ್ರತಿ ಭಾನುವಾರ ಲಿಂಗಂಪಲ್ಲಿಯಾಚೆ, ಹೊಸ ಅಪಾರ್ಟ್‌ಮೆಂಟುಗಳಿಗಾಗಿ ಬಂಡೆ ಒಡೆದ ಬಯಲಲ್ಲಿ, ಗೆಳತಿ ಚಿತ್ರಾಳ ಹಳೇ ಜೀಪು ಓಡಿಸಿ ಅಂಗೈಯಲ್ಲಿ ಗುಳ್ಳೆ ಎಬ್ಬಿಸಿಕೊಂಡಿದ್ದಳು. ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದವನು ಪ್ರಜ್ವಲ. ಮೈಸೂರಿನವನು, ಆಫೀಸಿನಲ್ಲಿ ಅವಳ ಟೀಮ್ ಲೀಡ್. ಆಫೀಸಿನ ಹೊರಗೆ ಅವನು ಅವಳಿಗೆ ಏನೆಂದು ಇಬ್ಬರೂ ಇನ್ನೂ ಬಾಯಿ ಬಿಟ್ಟಿರಲಿಲ್ಲ.

"ಮುಖ ಪೂರ್ತಿ ಮುಚ್ಚಿದೆ. ಆದ್ರೂ ಮೂಗು ಚೆನ್ನಾಗಿ ಕಾಣ್ತಿದೆ," ಎಂದ ಪ್ರಜ್ವಲ, ಕನ್ನಡಿಯಲ್ಲೇ ಅವಳನ್ನು ನೋಡುತ್ತ.

"ಮೂಗು ಬಿಡು. ಅವ್ವಗ ಏನ್ ಸುಳ್ಳು ಹೇಳೂದು, ಅದನ್ನ ಹೇಳು."

"ಸುಳ್ಳು ಬೇಕಾಗಿಲ್ಲ. ನಿನ್ನೆ ನಾನೇ ಬೀದರಿಗೆ ನಿಮ್ಮಮ್ಮಂಗೆ ಫೋನ್ ಮಾಡಿ ಪರ್ಮಿಷನ್ ತಗೊಂಡೆ."

ಸೌಂದರ್ಯಾ ಟೋಪಿ ಕಿತ್ತು ನೆಲಕ್ಕೆಸೆದಳು. "ಏನ್ ಮಾಡಿದಿ?"

"ಕದ್ದು ಕರ್ಕೊಂಡು ಹೋಗೋದು ಸರಿಯಲ್ಲ ಅನ್ನಿಸ್ತು. ಚಿತ್ರಾ, ಅವಳ ಗಂಡ ಮನೋಜನೂ ಬರ್ತಾರೆ ಅಂದ್ಮೇಲೆ ಒಪ್ಪಿದ್ರು ಕಣೇ! ಒಂದೇ ಕಂಡೀಷನ್. ನೀನು ಗಾಡಿ ಓಡಿಸ್ಬಾರ್ದು, ಹಿಂದಿನ ಸೀಟಲ್ಲಿ ಕೂತ್ಕೋಬೇಕು. ಆಯ್ತು ಅಂತ ಮಾತು ಕೊಟ್ಟೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎಂಥ ಘನಂದಾರಿ ಕೆಲಸ! ಕೇಳದೆ ಫೋನ್ ಮಾಡಿದ್ದಲ್ಲದೆ, ಅವಳ ಸ್ಟೇರಿಂಗನ್ನು ತಾಂಬೂಲದ ಹಾಗೆ ತಟ್ಟೆಯಲ್ಲಿಟ್ಟು ಕೊಟ್ಟುಬಿಟ್ಟಿದ್ದಾನೆ, ಈ ಸಭ್ಯ ಮಹಾಶಯ.

"ನನ್ನ ಪರವಾಗಿ ಮಾತು ಕೊಡಾಕ ನೀ ಯಾರು?"

"ಅಮ್ಮನೂ ಅದೇ ಕೇಳಿದ್ರು. ನೀ ಯಾರಪ್ಪಾ ಅಂತ."

"ಏನಂದಿ?"

ಅವನು ಕೈಗವಸಿನ ಜೋಡಿಯನ್ನು ಬಿಡಿಸಿ ಮತ್ತೆ ಜೋಡಿಸಿದ. "ಟೀಮ್ ಲೀಡ್ ಅಂದೆ."

ಅದು ಸ್ಟೇರಿಂಗಿಗಿಂತ ಹೆಚ್ಚು ಚುಚ್ಚಿತು. ಜೀಪು ಗುಂಡಿಗಿಳಿದಾಗಲೆಲ್ಲ ಅವಳ ಮೊಣಕೈ ಹಿಡಿದವನು, ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟವನು, ಗುಳ್ಳೆಗೆ ಮುಲಾಮು ಹಚ್ಚುವಾಗ ಬೇಕೆಂತಲೇ ತಡಮಾಡಿದವನು ಬರೀ ಟೀಮ್ ಲೀಡೇ? ಕಣ್ಣು ತುಂಬಿಬಂತು. ಅತ್ತರೆ ಸಿಟ್ಟಿಗೆ ಬೆಲೆ ಇರುವುದಿಲ್ಲವೆಂದು ತಡೆದುಕೊಂಡಳು.

"ಟೀಮ್ ಲೀಡ್ ಜೋಡಿ ನಾ ಯಾಕ ಗುಡ್ಡಕ್ಕ ಬರ್ಲಿ? ಆಫೀಸಿನ್ಯಾಗ ದಿನಾ ನೋಡಾಕತ್ತೀನಲ್ಲ. ಟಿಕೆಟ್ ಕ್ಯಾನ್ಸಲ್ ಮಾಡು."

"ಹೆದರ್ಕೊಂಡೆ ಸೌಂದರ್ಯಾ. ಬೇರೆ ಏನಾದ್ರೂ ಅಂದು, ಆಮೇಲೆ ನೀನೇ ಅಲ್ಲ ಅಂದ್ಬಿಟ್ರೆ..."

"ನನ್ನ ಕೇಳಿದಿ ಏನ್? ಒಮ್ಮೆರ ಕೇಳಿದಿ ಏನ್?"

ಮಡಿಚುವ ಮೊಬೈಲನ್ನು ಪಟ್ಟನೆ ಬಿಚ್ಚಿ ಬೀದರಿಗೆ ಹಚ್ಚಿದಳು. "ಅವ್ವಾ, ಗುಡ್ಡದಾಗ ಗಾಡಿ ನಾನೇ ಹೊಡೀತೀನಿ. ಅಂವ ಕೊಟ್ಟ ಮಾತು ನಂದಲ್ಲ." ಆಚೆಯಿಂದ ತಾಯಿ ಉಮಾಬಾಯಿಯ ದನಿ ಇಡೀ ಅಂಗಡಿಗೆ ಕೇಳುವಷ್ಟು ಏರಿತು. ಸೌಂದರ್ಯಾ ಫೋನನ್ನು ಅವನ ಎದೆಗೆ ಒತ್ತಿದಳು.

"ಮತ್ತ ಕೇಳಾಕತ್ತಾಳ, ನೀ ಯಾರಂತ. ಈಗ ಹೇಳು."

ಪ್ರಜ್ವಲ ಫೋನನ್ನು ಕಿವಿಗಿಟ್ಟುಕೊಂಡ. "ಅಮ್ಮಾ, ಮಾತು ತಪ್ತಿದೀನಿ, ಕ್ಷಮಿಸಿ. ಗಾಡಿ ಅವಳೇ ಓಡಿಸ್ತಾಳೆ. ನನಗಿಂತ ಚೆನ್ನಾಗಿ ಓಡಿಸ್ತಾಳೆ. ನಾನು... ಅವಳ ಪಕ್ಕ ಕೂತ್ಕೊಳ್ಳೋನು."

"ಎಷ್ಟ ದಿನಾ?" ಎಂದರು ಉಮಾಬಾಯಿ.

ಅವನು ಸೌಂದರ್ಯಾಳ ಕಡೆ ತಿರುಗಿದ. ಕನ್ನಡಿಯ ಆಸರೆ ಈಗ ಇರಲಿಲ್ಲ. "ಅವಳು ಇಳಿ ಅನ್ನೋವರೆಗೂ, ಅಮ್ಮಾ. ನಾನು ಅವಳನ್ನ ಪ್ರೀತಿಸ್ತೀನಿ."

ಉಮಾಬಾಯಿ, "ಹಂಗಾದ್ರ ಮೊದ್ಲ ಬೀದರಿಗೆ ಬರ್ರಿ. ಅಕಿನೇ ಗಾಡಿ ಹೊಡಕೊಂಡು ಬರ್ಲಿ. ಹೆಂಗ ಹೊಡೀತಾಳ ನೋಡೂಣು," ಎಂದು ಫೋನಿಟ್ಟರು.

ಸೌಂದರ್ಯಾಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅಷ್ಟು ಬೇಗ ಇಳಿಸುವ ಮನಸ್ಸೂ ಅವಳಿಗಿರಲಿಲ್ಲ. ನೆಲದಿಂದ ಮಂಕಿ ಕ್ಯಾಪು ಎತ್ತಿ, ಕಿವಿ ಗದ್ದ ಎಲ್ಲ ಮುಚ್ಚುವ ಹಾಗೆ ಅವನ ತಲೆಗೆ ಎಳೆದು ತೊಡಿಸಿದಳು.

"ಬೀದರ್ ಮುಟ್ಟೂತನಾ ತಗೀಬ್ಯಾಡ."

"ಪ್ಯಾಕ್ ಕರೂಂ ಸಾಬ್?" ಎಂದ ಅಂಗಡಿಯವನು.

"ನಕ್ಕೋ," ಎಂದು ದಖನಿಯಲ್ಲೇ ಬೇಡವೆಂದ ಪ್ರಜ್ವಲ, ಉಲ್ಲನ್ನಿನೊಳಗಿಂದ. ಸೌಂದರ್ಯಾ ಆಗಲೇ ಬಿಸಿಲಿಗಿಳಿದು ಮುಂದೆ ಮುಂದೆ ನಡೆದಿದ್ದಳು. ಅವನು ದುಡ್ಡು ಕೊಟ್ಟು, ಟೋಪಿ ತೆಗೆಯದೆಯೇ ಓಡಿಬಂದು ಅವಳ ಪಕ್ಕ ಸೇರಿಕೊಂಡ. ಅವಳು ಇಳಿ ಅನ್ನಲಿಲ್ಲ.