ತಿರಾಮಿಸು ಅಂದ್ರೆ ಏನ್ರೀ?

"ಇದರರ್ಥ ಏನ್ರೀ?"

ಬೆಳಗ್ಗಿನಿಂದ ಇದು ಒಂಬತ್ತನೇ ಸಲ! ತನುಜಾಳ ತಾಳ್ಮೆ ಕೆಟ್ಟಿತು. ಬೀರೂರು ಸ್ಟೇಷನ್ ರಸ್ತೆಯ ತನ್ನ ಬೇಕರಿಯಲ್ಲಿ ಮೊಟ್ಟೆ ಹಾಕದ ತಿರಾಮಿಸು ಎಂಬ ಕಾಫಿ-ಕೆನೆಯ ಇಟಲಿ ಸಿಹಿ ಮಾಡಿಟ್ಟಿದ್ದೇ ತಪ್ಪಾಗಿತ್ತು. ತಿರುಮಿಸು, ತಿರುಗಿಸು... ಬಾಯಿಗೆ ಬಂದಂತೆ ಕರೆಯುವವರೇ ಎಲ್ಲ. ತಿನ್ನುವವರಿಲ್ಲ!

ಈಗ ಕೇಳಿದವನು ರೈಲ್ವೆ ಟಿಕೆಟ್ ಕೌಂಟರಿನ ಓಂಕಾರೇಶ್. ದಿನಾ ಸಂಜೆ ಒಂದು ಬನ್ನಿಗಾಗಿ ಅರ್ಧ ಗಂಟೆ ನಿಲ್ಲುವವನು.

"ನನ್ನನ್ನ ಮೇಲಕ್ಕೆತ್ತು!" ಚೀರಿಯೇಬಿಟ್ಟಳು.

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನ ಕಿವಿ ಕೆಂಪೇರಿತು.

"ಇ... ಇಲ್ಲೇನಾ?"

ಬ್ರೆಡ್ ಕೊಳ್ಳುತ್ತಿದ್ದ ಪಕ್ಕದ ಮನೆಯ ಶಕುಂತಲಮ್ಮ "ಅಯ್ಯೋ ಶಿವನೇ!" ಎಂದು ಹೊರಟರು. ರಾತ್ರಿಯೊಳಗೆ ಸುದ್ದಿ ಶಿವನಿ ಊರಿನಲ್ಲಿದ್ದ ತನುಜಾಳ ತಾಯಿ ಮಲ್ಲಿಕಾಂಬರನ್ನು ಮುಟ್ಟಿತು. ಫೋನ್ ಬಂತು.

"ಗಂಡಸ್ರ ಮುಂದೆ ಎತ್ಕೋ ಅಂದ್ಯಂತಲ್ಲೇ! ಅಂಗ್ಡಿ ಸಾಕು. ಭಾನುವಾರ ಕಡೂರಿಂದ ಗಂಡಿನ ಕಡೆಯೋರು ಬತ್ತಾರೆ."

"ಅವ್ವಾ, ಅದು ತಿಂಡಿ ಹೆಸ್ರು ಕಣವ್ವಾ!"

"ಯಾವ ತಿಂಡಿ ಹಂಗಂತದೆ?"

ಮಾರನೆಯ ಸಂಜೆಯಿಂದ ಓಂಕಾರೇಶ್ ಬರಲೇ ಇಲ್ಲ. 'ಹೇಡಿ!' ಎಂದು ಬೈದುಕೊಂಡಳು. ಆದರೂ ಆರು ಗಂಟೆಗೆ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು... ಥೂ, ಈ ಕಣ್ಣು!

ನಾಲ್ಕನೇ ದಿನ ಹಾಲಿನ ನಾಗೇಶ್ ನಗುತ್ತಾ ಹೇಳಿದ, "ಅಕ್ಕಾ, ನಿಮ್ ತಿರಾಮಿಸು ವಿಷ್ಯಾನ ಟಿಕೆಟ್ ಸಾಹೇಬ್ರು ಕ್ಯೂನಲ್ಲಿ ಇರೋರ್ಗೆಲ್ಲಾ ಹೇಳ್ತಾವ್ರೆ!"

ತನುಜಾ ಸ್ಟೇಷನ್ನಿಗೆ ಧಾವಿಸಿದಳು. ಕೌಂಟರಿನ ಮುಂದೆ ವೃದ್ಧ ಈರಭದ್ರಪ್ಪ ಓಂಕಾರೇಶನ ವಿವರಣೆಗೆ ಸಿಕ್ಕಿಬಿದ್ದಿದ್ದರು.

"ತಿರಾ ಅಂದ್ರೆ ಎಳಿ, ಮಿ ಅಂದ್ರೆ ನನ್ನನ್ನ, ಸು ಅಂದ್ರೆ ಮೇಲಕ್ಕೆ. ದಣಿದೋರ್ಗೆ ಹುರುಪು ಕೊಡೋ ತಿಂಡಿ. ಇಟಲಿಯ ಟ್ರೆವಿಸೊದಲ್ಲಿ ಹುಟ್ತು ಅಂತಾರೆ. ಪಕ್ಕದ ಸೀಮೆಯೋರು ನಮ್ದು ಅಂತ ಜಗಳ..."

"ನಂಗೆ ಅರಸೀಕೆರೆಗೆ ಟಿಕೆಟ್ ಕೊಡಪ್ಪಾ!"

"ನನ್ ಮಾನಾನ ಕ್ಯೂನಲ್ಲಿ ಹಂಚ್ತಿದೀರೇನ್ರೀ?" ತನುಜಾ ಗುಡುಗಿದಳು.

ಅವನು ಬೆಚ್ಚಿದ. "ಯಾರೂ ನಿಮ್ಮನ್ನ ತಪ್ಪು ತಿಳೀಬಾರ್ದು ಅಂತ..."

"ಅಂಗ್ಡಿಗ್ಯಾಕೆ ಬರ್ಲಿಲ್ಲ?"

"ನಾನ್ ಬಂದ್ರೆ ಮಾತು ಇನ್ನೂ ಬೆಳೀತದೆ. ನಿನ್ನೆ ಶಿವನಿಗೂ ಹೋಗಿದ್ದೆ, ನಿಮ್ಮವ್ವಂಗೆ ಹೇಳೋಕೆ. ಬಾಗ್ಲ ತನಕ ಹೋಗಿ ವಾಪಸ್ ಬಂದೆ."

"ಯಾಕೆ?"

"ಹೆಸ್ರಿನ ಅರ್ಥ ಹೇಳಕ್ ಹೋಗಿ... ನೀವು ಬೇಕು ಅಂದ್ಬಿಡ್ತೀನೇನೋ ಅಂತ ಭಯ ಆಯ್ತು."

ಅವಳ ಸಿಟ್ಟು ಅಲ್ಲೇ ಇಳಿಯಿತು. ಇಷ್ಟು ದಿನ ಬನ್ ಹಿಡಿದು ನಿಂತಿದ್ದು ಇದಕ್ಕಾ? ಒಂದು ಮಾತು ಹೇಳಲು ಇಷ್ಟು ಹೊತ್ತಾ, ಈ ಮನುಷ್ಯನಿಗೆ!

"ಭಾನುವಾರ ಕಡೂರಿನೋರು ಬತ್ತಾರೆ," ಎಂದಳು ಮೆಲ್ಲಗೆ.

"ಶನಿವಾರವೇ ನಾನು ನಿಮ್ಮವ್ವನ ಮನೆಗೆ ಬತ್ತೀನಿ!"

"ಅರ್ಥ ಗಿರ್ಥ ಶುರು ಮಾಡಿದ್ರೆ ನೋಡಿ! ಕೇಳೋದ್ನ ನೆಟ್ಟಗೆ ಕೇಳಿ."

"ಅವ್ರು ಒಪ್ಪದಿದ್ರೆ...?"

ತನುಜಾ ಕಣ್ಣೊರೆಸಿಕೊಂಡು ನಕ್ಕಳು.

"ನಾನು ಒಪ್ಪಿದೀನಲ್ರೀ... ಮೊದ್ಲು ಈ ಅಜ್ಜಂಗೆ ಟಿಕೆಟ್ ಕೊಡಿ!"